ಒಂದನೇ ತಾರೀಕಿನ ಎಣ್ಣೆ

ಹೊನ್ನಾವರದ ಹೆದ್ದಾರಿ ಬದಿಯಲ್ಲಿರುವ ನನ್ನ ಶೆಡ್ಡಿನ ಶಟರ್ ಬೆಳಿಗ್ಗೆ ಎಂಟಕ್ಕೆ ಏಳುತ್ತದೆ. ಐದು ನಿಮಿಷ ಮೊದಲೂ ಇಲ್ಲ, ಐದು ನಿಮಿಷ ತಡವೂ ಇಲ್ಲ. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಅಂಟಿದ ಅಭ್ಯಾಸ ನಿವೃತ್ತಿಯಾದ ಮೇಲೂ ಬಿಟ್ಟಿಲ್ಲ. ಗೋಡೆಯ ಹಲಗೆಯ ಮೇಲೆ, ನಟ್ಟು ಬೋಲ್ಟು ಬಿಚ್ಚುವ ಪ್ರತಿ ಪಾನದ ಆಕಾರವನ್ನು ಬಣ್ಣದಲ್ಲಿ ಬರೆದಿಟ್ಟಿದ್ದೇನೆ. ಸಂಜೆ ಯಾವ ಆಕಾರ ಖಾಲಿ ಇದೆಯೋ ಆ ಪಾನ ಸಿಗುವವರೆಗೆ ಮನೆಗೆ ಹೋಗುವುದಿಲ್ಲ. ಗಾಡಿ ಬಂದರೆ ಮೊದಲು ರಿಜಿಸ್ಟರ್, ಆಮೇಲೆ ಕೈ. ಕೇಳದೆ ಬಿಚ್ಚಬಾರದು ಎಂದು ಕಲಿಸಿದ್ದರು. ಕೇಳಿದ ಪ್ರಶ್ನೆಯೇ ಅರ್ಧವಾಗಿದ್ದರೆ ಏನಾಗುತ್ತದೆ ಎಂದು ಯಾರೂ ಕಲಿಸಿರಲಿಲ್ಲ. ಅದನ್ನು ಕಲಿತದ್ದು ಕಳೆದ ವರ್ಷ, ಒಂದು ತಿಂಗಳ ಕೊನೆಯ ದಿನ.

ಆ ದಿನ ನಾನು ಶಟರ್ ಎತ್ತುವಾಗಲೇ ಬಿಳಿ ಟ್ಯಾಕ್ಸಿಯೊಂದು ಎದುರಿಗೆ ನಿಂತಿತ್ತು. ಚಾಲಕ ಭಟ್ಕಳದ ಹತ್ತಿರದ ತೆಂಗಿನಗುಂಡಿಯವನು, ನಲವತ್ತರ ಆಸುಪಾಸು. ಹದಿನೈದು ವರ್ಷ ಮೀನುಗಾರಿಕೆ ಬೋಟಿನಲ್ಲಿ ದುಡಿದು, ಬೆನ್ನು ನೋವು ಬಂದ ಮೇಲೆ ಹಳೆಯ ಕಾರು ಕೊಂಡು ಟ್ಯಾಕ್ಸಿ ಓಡಿಸುತ್ತಿದ್ದ. ಕೊಂಡ ದಿನದಿಂದ ಅದರ ಕೆಲಸವೆಲ್ಲ ನನ್ನದೇ. ಅವನ ಕೈಯಲ್ಲಿ ಕಪ್ಪು ಹಿಡಿಕೆಯೊಂದಿತ್ತು, ಅದರ ತುದಿಗೆ ಅರ್ಧ ಗೇಣು ತಂತಿ ಜೋತಾಡುತ್ತಿತ್ತು. ಸ್ಟೇರಿಂಗ್ ಕೆಳಗಿರುವ, ಬಾನೆಟ್ ತೆರೆಯುವ ಹಿಡಿಕೆ.

"ಮೇಸ್ತ್ರಿ, ಇದು ಕೈಗೇ ಬಂತು."

"ಎಷ್ಟು ಜೋರಾಗಿ ಎಳ್ದೆ?"

"ಎಂತ ಜೋರು? ಬಲೆ ಎಳ್ದಷ್ಟೂ ಇಲ್ಲ."

ಕಾರಿನ ಹಿಂದಿನ ಸೀಟಿನಿಂದ ಇನ್ನೊಂದು ದನಿ ಬಂತು. "ಇವ ಎಳ್ದು ಎಳ್ದೇ ಬೋಟಿನ ಹಗ್ಗ ಎಲ್ಲ ಹರ್ದದ್ದು, ಮೇಸ್ತ್ರಿ. ಕಾರಾದ್ರೂ ಉಳೀತದೆ ಅಂದ್ಕಂಡಿದ್ದೆ."

ಆ ದನಿಯವನು ಚಾಲಕನ ನೆರೆಮನೆಯವನು. ಬಂದರಿನಲ್ಲಿ ಹರಿದ ಬಲೆ ಸರಿಮಾಡುವ ಕೆಲಸ. ಎರಡೂ ಮೂತ್ರಪಿಂಡ ಕೈಕೊಟ್ಟ ಮೇಲೆ ವಾರಕ್ಕೆ ಮೂರು ದಿನ ಕುಮಟಾದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುತ್ತಾನೆ, ಇದೇ ಕಾರಿನಲ್ಲಿ. ಹೋಗುವಾಗ ಕುಳಿತು ಹೋಗುತ್ತಾನೆ, ಬರುವಾಗ ಹಿಂದಿನ ಸೀಟಿನಲ್ಲಿ ಮಲಗಿ ಬರುತ್ತಾನೆ. ಒಮ್ಮೆ ಬಸ್ಸಿನಲ್ಲಿ ಬರಲು ಹೋಗಿ ದಾರಿಯಲ್ಲೇ ಕುಸಿದು ಬಿದ್ದಿದ್ದ. ಬೇರೆ ಟ್ಯಾಕ್ಸಿಯವರು ಒಂದೆರಡು ಸಲ ಕರೆದುಕೊಂಡು ಹೋಗಿ ಆಮೇಲೆ ಫೋನ್ ಎತ್ತುವುದು ಬಿಟ್ಟರು.

ಕಾರಿನ ಫಿಟ್‌ನೆಸ್ ಪತ್ರದ ಅವಧಿ ಆ ದಿನಕ್ಕೆ ಮುಗಿಯುತ್ತಿತ್ತು. ಮಧ್ಯಾಹ್ನ ಮೂರೂವರೆಗೆ ಹೊನ್ನಾವರದಲ್ಲೇ ತಪಾಸಣೆ. ಇನ್‌ಸ್ಪೆಕ್ಟರ್ ಬಾನೆಟ್ ಎತ್ತಿಸಿ ಚಾಸಿ ನಂಬರ್ ನೋಡುತ್ತಾರೆ. ಆ ನಂಬರಿನ ಮೇಲಿನ ಧೂಳು ಒರೆಸಿಡೋಣ ಎಂದು ಬೆಳಿಗ್ಗೆ ಹಿಡಿಕೆ ಎಳೆದಾಗ ಅದು ಕಿತ್ತು ಬಂದಿತ್ತು. ಬಾನೆಟ್ ತೆರೆಯದಿದ್ದರೆ ತಪಾಸಣೆ ಇಲ್ಲ, ತಪಾಸಣೆ ಇಲ್ಲದಿದ್ದರೆ ನಾಳೆಯಿಂದ ಕಾರು ಬಾಡಿಗೆಗೆ ಓಡುವಂತಿಲ್ಲ. ಬಲೆಯವನ ಮುಂದಿನ ಡಯಾಲಿಸಿಸ್ ನಾಳೆ ಬೆಳಿಗ್ಗೆಯೇ.

"ನೀನು ಎಂತಕ್ಕೆ ಬಂದೆ ತಮಾ? ಮನೇಲಿ ಮಲಗೂದಲ್ವಾ?" ಎಂದು ಬಲೆಯವನನ್ನು ಕೇಳಿದೆ.

"ಇದು ಪಾಸಾಗೂದು ಕಣ್ಣಲ್ಲಿ ನೋಡ್ದೆ ನಂಗೆ ನಿದ್ದೆ ಬರೂದಿಲ್ಲ" ಎಂದು ಇಳಿದು ಬಂದು ಬೆಂಚಿನ ಮೇಲೆ ಕುಳಿತ. ಕೈಯಲ್ಲೊಂದು ಚೀಲ, ಅದರೊಳಗೆ ಬಲೆಯ ತುಂಡು, ನೈಲಾನ್ ದಾರದ ಉಂಡೆ. ಕುಳಿತಲ್ಲೇ ಕೆಲಸ ಶುರುಮಾಡಿದ.

ನಾನು ರಿಜಿಸ್ಟರ್ ತೆಗೆದೆ. ಬಂದ ಹೊತ್ತು, ಕಿಲೋಮೀಟರ್, ದೂರು. ಆಮೇಲೆ ನನ್ನ ಮಾಮೂಲು ಪ್ರಶ್ನೆ. ನನ್ನಲ್ಲಿಗೆ ಖಾಯಂ ಬರುವ ಗಾಡಿಗಳಿಗೆಲ್ಲ ನಾನೊಂದು ಚೀಟಿ ಬರೆದು ಡ್ಯಾಶ್‌ಬೋರ್ಡಿನ ಒಳಗೆ ಅಂಟಿಸಿ ಕೊಡುತ್ತೇನೆ. ಟೈರಿನ ಗಾಳಿ ಯಾವಾಗ, ಬ್ಯಾಟರಿ ನೀರು ಯಾವಾಗ ಎಂದು. ಕೊನೆಯ ಸಾಲು ಹೀಗಿತ್ತು: ಪ್ರತಿ ತಿಂಗಳು ಒಂದನೇ ತಾರೀಕು, ಬಾನೆಟ್ ಲಾಕ್, ಕೇಬಲ್, ಬಾಗಿಲ ಕೀಲು, ಎಣ್ಣೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಕಬ್ಬಿಣ ಎರಡು ಮಳೆಗಾಲ ತಡೆಯುವುದಿಲ್ಲ, ಆದ್ದರಿಂದ ಆ ಸಾಲು.

"ಎಣ್ಣೆ ಹಾಕಿದ್ಯಾ?"

"ಒಂದು ತಿಂಗ್ಳೂ ತಪ್ಸಲಿಲ್ಲ ಮೇಸ್ತ್ರಿ. ದೇವರಾಣೆ."

'ಎಣ್ಣೆ: ಹಾಕಿದೆ' ಎಂದು ಬರೆದೆ. ಹಾಗಾದರೆ ಲಾಕ್ ಸರಿ ಇದೆ, ತಂತಿ ಮಾತ್ರ ಹಳತಾಗಿ ತುಂಡಾಗಿದೆ ಎಂದು ತೀರ್ಮಾನಿಸಿದೆ. ಅರ್ಧ ಗಂಟೆಯ ಕೆಲಸ ಎಂದುಕೊಂಡೆ.

ಬಾನೆಟ್ ಕೇಬಲ್ ಸರಳವಾದ ವಸ್ತು. ಒಳಗೊಂದು ಉಕ್ಕಿನ ತಂತಿ, ಹೊರಗೊಂದು ಕವಚ. ಹಿಡಿಕೆಯಿಂದ ಹೊರಟು ಎಂಜಿನ್ ಕಡೆಯ ತಗಡಿನ ತೂತಿಗೆ ಹಾಕಿದ ರಬ್ಬರಿನ ಮೂಲಕ ನುಸುಳಿ, ಬಲಗಡೆಯ ಮಡ್‌ಗಾರ್ಡಿನ ಒಳಮೈಗುಂಟ ಹೋಗಿ, ರೇಡಿಯೇಟರಿನ ಮೇಲಿರುವ ಲಾಕಿಗೆ ಸೇರುತ್ತದೆ. ಹಿಡಿಕೆಯ ಬದಿ ತುಂಡಾದರೆ ಸುಲಭ. ಕವಚವನ್ನು ಎರಡು ಬೆರಳಷ್ಟು ಕತ್ತರಿಸಿದರೆ ಒಳಗಿನ ತಂತಿ ಸಿಗುತ್ತದೆ, ಅದನ್ನು ಲಾಕಿಂಗ್ ಇಕ್ಕಳದಲ್ಲಿ ಕಚ್ಚಿಸಿ ಎಳೆದರೆ ಮುಗಿಯಿತು.

ಕತ್ತರಿಸಿದೆ, ಕಚ್ಚಿಸಿದೆ, ಎಳೆದೆ. ಅಲುಗಲಿಲ್ಲ. ಚಾಲಕನಿಗೆ ಬಾನೆಟ್ಟಿನ ಮುಂದಿನ ಅಂಚನ್ನು ಅಂಗೈಯಿಂದ ಒತ್ತಿ ಹಿಡಿಯಲು ಹೇಳಿದೆ. ಹಾಗೆ ಒತ್ತಿದರೆ ಲಾಕಿನ ಮೇಲಿನ ಬಿಗಿ ಸಡಿಲವಾಗುತ್ತದೆ. ಅವನು ಒತ್ತಿದ, ನಾನು ಎಳೆದೆ. ಇನ್ನೊಮ್ಮೆ, ಸ್ವಲ್ಪ ಹೆಚ್ಚು. ಒಳಗೆಲ್ಲೋ 'ಟಿಣ್' ಎಂದಿತು. ಇಕ್ಕಳದ ಜೊತೆ ಒಂದು ಮಾರು ತಂತಿ ಸಲೀಸಾಗಿ ನನ್ನ ಮಡಿಲಿಗೆ ಬಂತು. ಲಾಕಿನ ಹತ್ತಿರವೇ ತುಂಡಾಗಿತ್ತು. ಇನ್ನು ಎಳೆಯಲು ಏನೂ ಉಳಿದಿರಲಿಲ್ಲ.

ಬೆಂಚಿನಿಂದ ಬಲೆಯವನು ತಲೆ ಎತ್ತಲಿಲ್ಲ. "ಈಗ ಯಾರು ಜೋರಾಗಿ ಎಳ್ದದ್ದು?" ಎಂದಷ್ಟೇ ಕೇಳಿದ.

ಗಂಟೆ ಒಂಬತ್ತೂಕಾಲು. ಹೊಸ ಕೇಬಲ್ಲಿಗೆ ಫೋನ್ ಹಚ್ಚಿದೆ. ಹೊನ್ನಾವರದ ಬಿಡಿಭಾಗದ ಅಂಗಡಿಯಲ್ಲಿ ಇಲ್ಲ. ಭಟ್ಕಳದಲ್ಲಿ ಇಲ್ಲ. ಕುಮಟಾದ ಒಂದು ಅಂಗಡಿಯಲ್ಲಿ ಒಂದೇ ಒಂದು ಇತ್ತು. "ಹನ್ನೆರಡರ ಬಸ್ಸಿಗೆ ಕೊಟ್ಟು ಕಳಿಸ್ತೆ, ಕಂಡಕ್ಟರ್ ಹತ್ರ ಇಸ್ಕಳಿ" ಎಂದ ಅಂಗಡಿಯವನು. ಆತು ಎಂದೆ. ಆದರೆ ಬಾನೆಟ್ಟೇ ತೆರೆಯದಿದ್ದರೆ ಕೇಬಲ್ ಬಂದು ಎಂತ ಮಾಡಬೇಕು?

ಮೇಲಿಂದ ಆಗದಿದ್ದರೆ ಕೆಳಗಿಂದ. ಜ್ಯಾಕ್ ಕೊಟ್ಟು ಎತ್ತಿ, ಎರಡೂ ಬದಿ ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಒಮ್ಮೆ ನೂಕಿ ನೋಡಿದೆ. ಬರೀ ಜ್ಯಾಕನ್ನು ನಂಬಿ ಗಾಡಿಯ ಕೆಳಗೆ ಹೋಗುವವನು ನನ್ನ ಶೆಡ್ಡಿನಲ್ಲಿ ಕೆಲಸ ಮಾಡುವಂತಿಲ್ಲ, ನಾನೂ ಸೇರಿ. ಅಡಿಯ ಪ್ಲಾಸ್ಟಿಕ್ ತಟ್ಟೆ ಬಿಚ್ಚಿದೆ. ಹನ್ನೊಂದು ಬೋಲ್ಟು, ಹನ್ನೊಂದನ್ನೂ ಬಟ್ಟಲಲ್ಲಿ ಹಾಕಿದೆ. ಹಲಗೆಯ ಮೇಲೆ ಅಂಗಾತ ಮಲಗಿ, ಬಂಪರ್ ಮತ್ತು ರೇಡಿಯೇಟರಿನ ಸಂದಿಗೆ ಟಾರ್ಚು, ಕೈಗನ್ನಡಿ ಹಿಡಿದರೆ ಲಾಕ್ ಕಂಡಿತು. ಅದರ ಪಕ್ಕದಲ್ಲಿ ಕಿರುಬೆರಳಷ್ಟು ಉದ್ದದ ಒಂದು ತೋಳು. ಕೇಬಲ್ ಎಳೆಯುವುದು ಆ ತೋಳನ್ನೇ. ಕೊಕ್ಕೆ ಬಗ್ಗಿಸಿದ ಸಲಾಕೆಯಿಂದ ಅದನ್ನು ಬಲಕ್ಕೆ ನೂಕಿದರೆ ಬಾನೆಟ್ ತೆರೆಯಬೇಕು.

ನೂಕಿದೆ. ತೋಳು ಅಲುಗಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಹತ್ತು ನಿಮಿಷ ಕಾದೆ. ಮತ್ತೆ ನೂಕಿದೆ. ಸಲಾಕೆ ಬಗ್ಗಿತು, ತೋಳು ಬಗ್ಗಲಿಲ್ಲ. ದಪ್ಪ ಸಲಾಕೆ ತಂದೆ. ಅದು ಜಾರಿ ರೇಡಿಯೇಟರಿನ ಎರಡು ತೆಳು ತಗಡಿನ ರೆಕ್ಕೆ ಬಗ್ಗಿಸಿತು. ಇನ್ನೊಂದು ಅಂಗುಲ ಆಳಕ್ಕೆ ಹೋಗಿದ್ದರೆ ನೀರು ಸೋರಲು ಶುರುವಾಗುತ್ತಿತ್ತು. ಸಲಾಕೆ ಕೆಳಗಿಟ್ಟೆ.

ಹನ್ನೊಂದೂವರೆಯಾಗಿತ್ತು. ಕೆಳಗಿಂದ ಹೊರಬಂದಾಗ ಚಾಲಕ ಹಾರೆ ಹಿಡಿದು ನಿಂತಿದ್ದ.

"ಮೀಟಿ ತೆಗ್ದುಬಿಡುವಾ ಮೇಸ್ತ್ರಿ."

"ಮೀಟಿದ್ರೆ ತಗಡು ಮಡಚ್ತದೆ. ಮಡಚಿದ ಬಾನೆಟ್ ತಗಂಡು ಹೋಗಿ ಇನ್‌ಸ್ಪೆಕ್ಟರಿಗೆ ಎಂತ ಹೇಳ್ತೆ?"

"ಹಂಗಾರೆ ಕತ್ತರ್ಸಿ."

ಅದನ್ನು ನಾನೂ ಯೋಚಿಸಿದ್ದೆ. ಮುಂದಿನ ಜಾಲರಿ ಒಡೆದು, ಗ್ರೈಂಡರಿನಿಂದ ಲಾಕಿನ ಕೊಂಡಿ ಕತ್ತರಿಸಿದರೆ ಐದು ನಿಮಿಷದಲ್ಲಿ ಬಾನೆಟ್ ತೆರೆಯುತ್ತದೆ. ಆದರೆ ಮತ್ತೆ ಮುಚ್ಚುವುದಿಲ್ಲ. ಹೊಸ ಲಾಕ್ ಹುಬ್ಬಳ್ಳಿಯಿಂದ ಬರಬೇಕು. ಅಂದರೆ ತಪಾಸಣೆ ಇವತ್ತಿಲ್ಲ. ಆದರೂ ಗ್ರೈಂಡರಿನ ಪ್ಲಗ್ ಹಾಕಿದೆ. ಬೇರೆ ದಾರಿ ಕಾಣಲಿಲ್ಲ.

ಕತ್ತರಿಸುವ ಮೊದಲು ಜಾಗ ಗುರುತು ಮಾಡಬೇಕು, ಅದು ಕ್ರಮ. ಜಾಲರಿಯ ಸಂದಿಯಿಂದ ಉದ್ದನೆಯ ಗೀಚುಮೊಳೆ ತೂರಿಸಿ ಕೊಂಡಿಯನ್ನು ಕೆರೆದೆ. ಮೊಳೆಯ ತುದಿಗೆ ತುಕ್ಕಿನ ಪುಡಿ ಬರಬೇಕಿತ್ತು. ಬಂದದ್ದು ಜೇನಿನ ಬಣ್ಣದ ಒಂದು ಸುರುಳಿ, ಹಳೆಯ ವಾರ್ನಿಶ್ ಕೆರೆದಂತೆ. ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದೆ. ಮೀನು.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಆ ವಾಸನೆ ಬೆಳಿಗ್ಗೆಯಿಂದಲೂ ನನ್ನ ಮೂಗಿಗೆ ಬಡಿಯುತ್ತಿತ್ತು. ಹಿಂದೆ ಕಾರು ಬಂದಾಗಲೂ ಬಡಿದಿತ್ತು. ಬಂದರಿನವರ ಕಾರು, ಮೀನಿನ ವಾಸನೆ ಇರದೆ ಮತ್ತೇನು ಎಂದು ಬಿಟ್ಟಿದ್ದೆ. ಎಂಜಿನ್ನಿನಲ್ಲಿ ಸುಟ್ಟ ವಾಸನೆ ಬಂದರೆ ನಾನು ಹಾಗೆ ಬಿಡುತ್ತಿರಲಿಲ್ಲ. ವಾಸನೆ ಗಾಡಿಯದೆಂದು ನೋಡದೆ ಜನರದೆಂದು ಲೆಕ್ಕ ಹಾಕಿದ್ದೆ.

ಗ್ರೈಂಡರಿನ ಪ್ಲಗ್ ಕಿತ್ತೆ.

"ತಮಾ, ನೀನು ಹಾಕಿದ್ದು ಯಾವ ಎಣ್ಣೆ?"

"ಎಣ್ಣೆ" ಎಂದ ಚಾಲಕ, ಅದಕ್ಕಿಂತ ಬೇರೆ ಏನಿದೆ ಎಂಬಂತೆ.

"ಎಣ್ಣೆ ಅಂದ್ರೆ ಎಂತ ಎಣ್ಣೆ?"

"ಬೋಟಿಗೆ ಹಾಕೂ ಎಣ್ಣೆ. ತಾರ್ಲೆ ಮೀನಿನ ಎಣ್ಣೆ. ಮತ್ಯಾವ್ದು?" ಅವನ ಮುಖ ಗಂಭೀರವಾಯಿತು. "ಒಳ್ಳೇ ಎಣ್ಣೆ ಮೇಸ್ತ್ರಿ, ಕಲಬೆರಕೆ ಅಲ್ಲ. ನಮ್ಮ ಅಣ್ಣ ಬೋಟಿಗೆ ಅಂತ ತರೂದು. ನಾನೂ ಉದ್ದ ಪಿಚಕಾರಿ ಮಾಡ್ಕಂಡು, ಬಾನೆಟ್ ಎತ್ತದೇ, ಜಾಲರಿ ಸಂದಿಯಿಂದ ಲಾಕಿಗೆ, ಹಿಡಿಕೆ ಬದಿಯಿಂದ ಕೇಬಲ್ ಒಳಗೆಲ್ಲ ಬಿಡ್ತಿದ್ದೆ."

ಸಮುದ್ರಕ್ಕೆ ಇಳಿಯುವ ಮರದ ಬೋಟಿಗೆ ಮೀನೆಣ್ಣೆ ಹಚ್ಚುವುದು ಇಲ್ಲಿನ ಹಳೆಯ ಪದ್ಧತಿ. ಅದು ಒಣಗಿ ಮರದ ಮೇಲೆ ಗಟ್ಟಿ ಪೊರೆಯಾಗುತ್ತದೆ, ನೀರು ಒಳಗೆ ಹೋಗುವುದಿಲ್ಲ. ಮರಕ್ಕೆ ಅದು ವರ. ಕಬ್ಬಿಣದ ಕೀಲಿಗೆ ಅಂಟು. ಬಾಗಿಲುಗಳು ದಿನವೂ ತೆರೆದು ಮುಚ್ಚುವುದರಿಂದ ಅಂಟು ಕೂರಲು ಪುರುಸೊತ್ತು ಸಿಕ್ಕಿರಲಿಲ್ಲ. ಬಾನೆಟ್ ಎತ್ತುವುದು ಎಂದೋ ಒಮ್ಮೆ. ಅಲ್ಲಿ ತಿಂಗಳಿಗೊಂದು ಪೊರೆಯಂತೆ, ಒಂದನೇ ತಾರೀಕು ತಪ್ಪದೆ, ಅವನು ಲಾಕನ್ನೂ ಕೇಬಲನ್ನೂ ವಾರ್ನಿಶ್ ಮಾಡಿ ಮುಗಿಸಿದ್ದ.

"ಅಯ್ಯೋ ಮಾರಾಯಾ, ಅದಕ್ಕೆ ಮೀನೆಣ್ಣೆ ಹಾಕೂದಾ?" ಎಂದೆ. ದನಿ ಸ್ವಲ್ಪ ಏರಿತ್ತು.

ಅವನು ಕಾರಿನೊಳಗೆ ಕೈ ಹಾಕಿ ನನ್ನ ಚೀಟಿಯನ್ನು ಉಗುರಲ್ಲಿ ಎಬ್ಬಿಸಿ ತಂದು ನನ್ನ ಮುಂದೆ ಹಿಡಿದ. "ನೀವೇ ಬರ್ದದ್ದು. ಓದಿ."

ಓದಿದೆ. ನನ್ನದೇ ದುಂಡು ಅಕ್ಷರ. ಎಣ್ಣೆ ಎಂದಿತ್ತು. ಯಾವುದು ಎಂದು ಇರಲಿಲ್ಲ. ಡಿಪೋದಲ್ಲಿ ಎಣ್ಣೆ ಎಂದರೆ ಒಂದೇ ಡಬ್ಬಿ, ಒಂದೇ ಮೂಲೆ. ಕೇಳುವ ಪ್ರಶ್ನೆಯೇ ಇಲ್ಲ. ಅವನಿದ್ದ ಬೋಟಿನಲ್ಲೂ ಎಣ್ಣೆ ಎಂದರೆ ಒಂದೇ ಡಬ್ಬಿ.

ಬಲೆಯವನು ಮಾತ್ರ ನಕ್ಕುಬಿಟ್ಟ. "ಇಬ್ರೂ ಶಿಸ್ತಿನವ್ರು. ಅದಕ್ಕೇ ಇಷ್ಟು ಗಟ್ಟಿ ಹಿಡ್ದದ್ದು."

ಅಂಟು ಎಂದು ಗೊತ್ತಾದ ಮೇಲೆ ದಾರಿ ಬೇರೆ. ಬಲದಿಂದ ಆಗದ್ದನ್ನು ಕರಗಿಸಬೇಕು. ಥಿನ್ನರ್ ಹಾಕಬಹುದಿತ್ತು, ಆದರೆ ಬ್ಯಾಟರಿಯ ತಂತಿ ಬಾನೆಟ್ಟಿನ ಒಳಗೆ, ಅದನ್ನು ಕಳಚದೆ ಅಲ್ಲಿ ಥಿನ್ನರ್ ಸುರಿದರೆ ಒಂದು ಕಿಡಿಗೆ ಬೆಂಕಿ.

"ನೀವು ಬೋಟಿನ ಹಳೇ ಎಣ್ಣೆ ತೆಗಿಯೂದು ಹೆಂಗೆ?" ಎಂದು ಚಾಲಕನನ್ನೇ ಕೇಳಿದೆ.

"ಬಿಸಿನೀರಿಗೆ ಬಟ್ಟೆ ಸೋಡಾ ಹಾಕಿ ತಿಕ್ಕೂದು."

ನಾನು ತಡೆದೆ. ಸೋಡಾ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಲಾಕಿನ ಹಿಂದೆಯೇ ಅಲ್ಯೂಮಿನಿಯಮ್ ರೇಡಿಯೇಟರ್. ಎರಡು ನಿಮಿಷ ಲೆಕ್ಕ ಹಾಕಿದೆ. ರೇಡಿಯೇಟರಿನ ಮುಂದೆ ಪ್ಲಾಸ್ಟಿಕ್ ಹಾಳೆ ಇಳಿಬಿಡುವುದು, ನೀರನ್ನು ಸಣ್ಣ ನಳಿಗೆಯಿಂದ ಲಾಕಿನ ಮೇಲೆ ಮಾತ್ರ ಬಿಡುವುದು, ಪ್ರತಿ ಸಲ ಐದು ನಿಮಿಷ, ಆಮೇಲೆ ಧಾರಾಳ ಸಿಹಿನೀರು. ಹಾಗೆ ಮಾಡುವುದೆಂದು ನಿರ್ಧರಿಸಿದೆ. ಚಾಲಕ ಪಕ್ಕದ ಅಂಗಡಿಯಿಂದ ಸೋಡಾ ತಂದ. ಚಹಾ ಕಾಯಿಸುವ ಒಲೆಯ ಮೇಲೆ ನೀರು ಕುದಿಸಿದೆ.

ಮೊದಲ ಸಲ ಏನೂ ಆಗಲಿಲ್ಲ. ಎರಡನೇ ಸಲ ಕೆಳಗೆ ತೊಟ್ಟಿಕ್ಕುವ ನೀರು ಕಂದು ಬಣ್ಣಕ್ಕೆ ತಿರುಗಿ ನೊರೆಯಾಯಿತು. ಶೆಡ್ಡಿನ ತುಂಬ ಬಂದರಿನ ವಾಸನೆ. ಮೂರನೇ ಸಲ ಮುಗಿಸಿ, ಸಿಹಿನೀರು ಬಿಟ್ಟು, ಕೆಳಗೆ ಮಲಗಿ ಕೊಕ್ಕೆ ತಾಗಿಸಿದೆ. ನೂಕಲಿಲ್ಲ, ಅಲ್ಲಾಡಿಸಿದೆ. ಆಚೆ, ಈಚೆ. ಕೂದಲೆಳೆಯಷ್ಟು, ಆಮೇಲೆ ಅಕ್ಕಿಕಾಳಿನಷ್ಟು. "ಒತ್ತು" ಎಂದೆ. ಚಾಲಕ ಬಾನೆಟ್ ಒತ್ತಿದ. ತೋಳು ಬಲಕ್ಕೆ ಹೊರಳಿತು. ಮೇಲೆ 'ಟಕ್' ಎಂದಿತು.

ಚಾಲಕ ಬಾನೆಟ್ ಎತ್ತಿ ನಿಲ್ಲಿಸಿದ. ಗಂಟೆ ಒಂದಕ್ಕೆ ಹತ್ತು ನಿಮಿಷ ಇತ್ತು.

ಚಾಲಕ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನಿಂದ ಕೇಬಲ್ ತರುವಷ್ಟರಲ್ಲಿ ನಾನು ಲಾಕನ್ನು ತೊಳೆದು, ಒರೆಸಿ, ರೇಡಿಯೇಟರಿನ ಬಗ್ಗಿದ ರೆಕ್ಕೆ ನೆಟ್ಟಗೆ ಮಾಡಿದೆ. ಹಳೆಯ ಕವಚವನ್ನು ಎಳೆದು ಬಿಸಾಡುವಂತಿಲ್ಲ. ಅದರ ತುದಿಗೆ ದಾರ ಕಟ್ಟಿ ಎಳೆದರೆ, ಕವಚ ಹೊರಬರುವಾಗ ದಾರ ಅದೇ ದಾರಿಯಲ್ಲಿ ಒಳಗೆ ಕೂರುತ್ತದೆ. ಆ ದಾರದಿಂದ ಹೊಸ ಕೇಬಲ್ಲನ್ನು ವಾಪಸು ಎಳೆದುಕೊಳ್ಳಬಹುದು. ನಾನು ದಾರ ಕಟ್ಟಿ ಮೇಲೆ ಟೇಪು ಸುತ್ತಿದೆ. ತಗಡಿನ ತೂತಿನ ರಬ್ಬರಿಗೆ ಬಂದಾಗ ಗಂಟು ಸಿಕ್ಕಿಕೊಂಡಿತು.

"ಇಲ್ಲಿ ಕೊಡಿ ಮೇಸ್ತ್ರಿ. ಇದು ಗಂಟಾ, ಮಾವಿನಕಾಯಾ?" ಎಂದು ಬಲೆಯವನು ಎದ್ದು ಬಂದ. ಎಡಗೈ ಡಯಾಲಿಸಿಸ್ ಸೂಜಿಯ ಕೈ, ಅದಕ್ಕೆ ಭಾರ ಹಾಕುವಂತಿಲ್ಲ. ಬಲಗೈಯಲ್ಲೂ ಹಲ್ಲಿನಲ್ಲೂ ತನ್ನ ನೈಲಾನ್ ದಾರ ಹಿಡಿದು, ಕವಚದ ಮೈಗೆ ಒತ್ತಾಗಿ ಏಳೆಂಟು ಸುತ್ತು ಸುತ್ತಿ, ದಾರದ ತುದಿಯನ್ನು ಸುತ್ತಿನ ಅಡಿಯಲ್ಲೇ ತೂರಿಸಿ ಬಿಗಿದ. ಗಂಟೇ ಕಾಣಲಿಲ್ಲ. ರಬ್ಬರಿನಲ್ಲಿ ಅದು ನೀರಿನಲ್ಲಿ ಹಾವು ಹೋದಂತೆ ಹೋಯಿತು. ಅವನಿಗೆ ಚಹಾ ಕೊಟ್ಟೆ. ಎರಡು ಗುಟುಕು ಕುಡಿದು ಲೋಟ ಇಟ್ಟ. ದಿನಕ್ಕೆ ಇಷ್ಟೇ ನೀರು ಎಂದು ಅವನಿಗೆ ಅಳತೆ ಇದೆ. ಆ ಅಳತೆಯ ಮುಂದೆ ನನ್ನ ರಿಜಿಸ್ಟರಿನ ಶಿಸ್ತು ಏನೂ ಅಲ್ಲ.

ಕುಮಟಾದ ಕೇಬಲ್ಲಿನ ತುದಿಯ ಗುಂಡು ಹಿಡಿಕೆಯ ಕುಳಿಗಿಂತ ದಪ್ಪವಿತ್ತು. ಅರದಿಂದ ಸುತ್ತಲೂ ಸಮನಾಗಿ ಉಜ್ಜಿ ಕೂರಿಸಿದೆ. ಇನ್ನೊಂದು ತುದಿಯನ್ನು ಲಾಕಿನ ತೋಳಿಗೆ ಸಿಕ್ಕಿಸಿದೆ. ಚಾಲಕ ಬಾನೆಟ್ ಮುಚ್ಚಲು ಕೈ ಹಾಕಿದ. ಕೈ ಹಿಡಿದೆ. ಬಾನೆಟ್ ಎತ್ತಿರುವಾಗಲೇ ಸ್ಕ್ರೂಡ್ರೈವರಿನಿಂದ ಲಾಕನ್ನು ಒತ್ತಿ ಮುಚ್ಚಬೇಕು, ಒಳಗಿಂದ ಹಿಡಿಕೆ ಎಳೆದು ಅದು ಬಿಡುತ್ತದೆಯೇ ನೋಡಬೇಕು. ಹತ್ತು ಸಲ. ಆಮೇಲೆ ಬಾನೆಟ್ ಮುಚ್ಚುವುದು. ಹತ್ತು ಸಲವೂ ಬಿಟ್ಟಿತು. ಹನ್ನೊಂದು ಬೋಲ್ಟೂ ವಾಪಸು ಕೂತವು. ಗಂಟೆ ಎರಡೂ ಐವತ್ತು.

ತಪಾಸಣೆಯ ಮೈದಾನಕ್ಕೆ ನಾನೂ ಹೋದೆ. ಕೆಲಸದ ಹೊತ್ತಿನಲ್ಲಿ ಶಟರ್ ಇಳಿಸಿದ್ದು ಆ ವರ್ಷದಲ್ಲಿ ಅದೊಂದೇ ಸಲ. ಇನ್‌ಸ್ಪೆಕ್ಟರ್ ದೀಪ ನೋಡಿದರು, ಬ್ರೇಕ್ ನೋಡಿದರು. "ಬಾನೆಟ್ ತೆಗೀರಿ" ಎಂದರು. ಚಾಲಕ ಒಮ್ಮೆ ನನ್ನ ಮುಖ ನೋಡಿ, ಎರಡೇ ಬೆರಳಲ್ಲಿ ಹಿಡಿಕೆ ಎಳೆದ. ಟಕ್. ಬಾನೆಟ್ ಎತ್ತುತ್ತಲೇ ಇನ್‌ಸ್ಪೆಕ್ಟರ್ ಒಂದು ಹೆಜ್ಜೆ ಹಿಂದೆ ಸರಿದರು.

"ಏನ್ರೀ ಇದು, ಒಳಗೆ ಮೀನು ಒಣಗಿಸ್ತೀರಾ?"

"ಇಲ್ಲ ಸರ್, ಒಣಗಿದ್ದನ್ನ ಇವತ್ತು ತೊಳ್ದ್ವಿ" ಎಂದ ಚಾಲಕ.

ಅವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ನಂಬರ್ ತಾಳೆ ನೋಡಿ, ಸರಿ ಎಂದು ಕೈ ಬೀಸಿದರು. ಬಲೆಯವನು ಹಿಂದಿನ ಸೀಟಿಗೆ ಹೋಗಿ, ಒರಗಿ, ಕಣ್ಣು ಮುಚ್ಚಿದ. ಮೈದಾನ ದಾಟುವ ಮೊದಲೇ ನಿದ್ದೆ ಹೋಗಿದ್ದ.

ಸಂಜೆ ಪಾನಗಳನ್ನೆಲ್ಲ ಅವುಗಳ ಆಕಾರದ ಮೇಲೆ ತೂಗುಹಾಕಿ ರಿಜಿಸ್ಟರ್ ತೆಗೆದೆ. ಬೆಳಿಗ್ಗೆ ಬರೆದ 'ಎಣ್ಣೆ: ಹಾಕಿದೆ' ಎಂಬ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: 'ಮೀನೆಣ್ಣೆ. ಯಾವುದೆಂದು ಚೀಟಿಯಲ್ಲಿ ಹೇಳಿರಲಿಲ್ಲ. ತಪ್ಪು ನನ್ನದು.' ಅದೇ ಚೀಟಿ ಇನ್ನೂ ಹತ್ತು ಗಾಡಿಗಳಲ್ಲಿತ್ತು. ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಧಾರೇಶ್ವರದವರೊಬ್ಬರು ದೇವರ ದೀಪಕ್ಕೆ ತಂದ ಎಣ್ಣೆಯಲ್ಲೇ ಸ್ವಲ್ಪ ಉಳಿಸಿ ಹಾಕುತ್ತಿದ್ದರು. "ತಲೆಗೆ ಹಚ್ಚೂ ಕೊಬ್ರಿ ಎಣ್ಣೆ ಹಾಕ್ತಿದ್ದೆ, ತಂಪು ಅಲ್ವಾ?" ಎಂದರು ಇನ್ನೊಬ್ಬರು. ಭಟ್ಕಳದ ಬಟ್ಟೆ ವ್ಯಾಪಾರಿಯೊಬ್ಬರು ಎಣ್ಣೆ ಎಂದರೆ ಡೀಸೆಲ್ ಎಂದುಕೊಂಡು, ಪ್ರತಿ ಒಂದನೇ ತಾರೀಕು ತಪ್ಪದೆ ಟ್ಯಾಂಕ್ ತುಂಬಿಸುತ್ತಿದ್ದರು. ಹತ್ತೂ ಜನ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಮರುದಿನ ಒಂದನೇ ತಾರೀಕು. ಆರೂವರೆಗೆ ನಾನು ಶಟರ್ ಎತ್ತಿದೆ. ಆರೂ ಮುಕ್ಕಾಲಿಗೆ, ಕುಮಟಾಕ್ಕೆ ಹೊರಟ ಬಿಳಿ ಕಾರು ತೆರೆದ ಶಟರ್ ಕಂಡು ಹೆದ್ದಾರಿಯಿಂದ ಇಳಿದು ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಬಲೆಯವನು, ಮಡಿಲಲ್ಲಿ ಆಸ್ಪತ್ರೆಯ ಫೈಲು. ಚಾಲಕ ಕಿಟಕಿ ಇಳಿಸಿದ.

"ಮೇಸ್ತ್ರಿ, ನಿಮ್ಮದು ಎಂಟಕ್ಕಲ್ವಾ?"

"ಬಾನೆಟ್ ತೆಗಿ" ಎಂದೆ.

ಟಕ್. ಶೆಡ್ಡಿನ ಮೂಲೆಯ ಡಬ್ಬಿ ಅವನ ಕೈಗೆ ಕೊಟ್ಟೆ. ಅದರ ಮೇಲೆ ಹೆಸರು ಬರೆದ ಹೊಸ ಚೀಟಿ ಅಂಟಿಸಿದ್ದೆ. ಅವನು ಅದನ್ನು ಗಟ್ಟಿಯಾಗಿ ಓದಿದ, "ಮಷಿನ್ ಎಣ್ಣೆ." ಲಾಕಿಗೆ ಮೂರು ಹನಿ ಬಿಟ್ಟ, ತೋಳಿಗೆ ಒಂದು. ಡಬ್ಬಿ ವಾಪಸು ಕೊಡಲು ಬಂದ. ಇಟ್ಟುಕೋ ಎಂದೆ.

"ಆತು" ಎಂದು ಬಾನೆಟ್ ಮುಚ್ಚಿದ. ಏಳೂವರೆಗೆ ಅವರು ಕುಮಟಾದಲ್ಲಿರಬೇಕಿತ್ತು. ಹೊತ್ತು ಸಾಕಷ್ಟಿತ್ತು.